ಅಂತರರಾಷ್ಟ್ರೀಯ ಮೂರ್ಛೆರೋಗ ಲೀಗ್‌ಗೆ ಅಧ್ಯಕ್ಷರಾಗಲು ಹೊರಟವರನ್ನು ನಾವು ಏನು ಕೇಳಬೇಕು?

ಮಗ್ಗದಮನೆ, ಕೊಳ್ಳೇಗಾಲ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ.

ನನ್ನ ಮಗಳಿಗೆ ಹದಿನಾಲ್ಕು ವರ್ಷ. ಅವಳಿಗೆ ಮೂರ್ಛೆ ರೋಗ ಇದೆ. ಶುರುವಾಗಿದ್ದು ತಲೆಗೆ ನೀರು ಹಾಕುವಾಗ. ನಮ್ಮ ಕಡೆ ಗೊತ್ತಲ್ಲ, ಹಂಡೆ ತುಂಬ ನೀರು ಕಾಯಿಸಿ, ಎಣ್ಣೆ ಹಚ್ಚಿ ನೆನೆಸಿ, ಸೀಗೆಪುಡಿ ಉಜ್ಜಿ, ಚೊಂಬಿನ ಮೇಲೆ ಚೊಂಬು ಸುಡುಸುಡು ನೀರು ಸುರಿಯುತ್ತೇವೆ. ಅವಳು "ಇನ್ನೂ ಹಾಕಮ್ಮ, ಇನ್ನೂ ಹಾಕಮ್ಮ" ಅನ್ನುತ್ತಿದ್ದಳು. ಇದ್ದಕ್ಕಿದ್ದಂತೆ ಮಾತು ನಿಂತಿತು. ಕಣ್ಣು ಒಂದೇ ಕಡೆ ನೆಟ್ಟಿತ್ತು, ಬಾಯಿ ಏನೋ ಅಗಿಯುವ ಹಾಗೆ ಆಡುತ್ತಿತ್ತು. ಆಮೇಲೆ ಪಕ್ಕಕ್ಕೆ ವಾಲಿಬಿಟ್ಟಳು. ಓಡಿ ಬಂದವರು ಕೈಗೆ ಬೀಗದ ಕೈ ಹಿಡಿಸಿದರು, ಈರುಳ್ಳಿ ಮೂಸಿಸಿದರು. ಒಂದು ವರ್ಷದ ಮೇಲೆ ಸ್ನಾನ ಇಲ್ಲದಾಗಲೂ ಫಿಟ್ಸ್ ಬರಲು ಶುರುವಾಯಿತು. ಈಗ ದಿನಾ ಮಾತ್ರೆ ಇದೆ, ತಲೆಸ್ನಾನದ ದಿನ ಬೇರೆ ಒಂದು ಮಾತ್ರೆ. ಪುಣ್ಯಕ್ಕೆ ಹಿಡಿತದಲ್ಲಿದೆ.

ತಿಂಗಳಿಗೊಮ್ಮೆ ನಡೆಯುವ ಕ್ಯಾಂಪ್‌ನಲ್ಲಿ ನಮ್ಮಂಥ ತಂದೆ ತಾಯಿಗಳದ್ದೇ ಒಂದು ಸಣ್ಣ ಗುಂಪು ಆಗಿದೆ. ಕಳೆದ ಸಲ ಡಾಕ್ಟರು ಒಂದು ವಿಷಯ ಹೇಳಿದರು. ಮೂರ್ಛೆ ರೋಗದ ಡಾಕ್ಟರುಗಳಿಗೆ ಇಡೀ ಪ್ರಪಂಚಕ್ಕೆ ಸೇರಿ ಒಂದು ಸಂಸ್ಥೆ ಇದೆಯಂತೆ, ಇಂಟರ್‌ನ್ಯಾಷನಲ್ ಲೀಗ್ ಅಗೇನ್‌ಸ್ಟ್ ಎಪಿಲೆಪ್ಸಿ. ಅದರ ಅಧ್ಯಕ್ಷರನ್ನು ಓಟು ಹಾಕಿ ಆರಿಸುತ್ತಾರಂತೆ. ನಮ್ಮ ಡಾಕ್ಟರಿಗೆ ಗೊತ್ತಿರುವ ಹಿರಿಯರೊಬ್ಬರಿಗೆ ಮುಂದೆ ಆ ಸ್ಥಾನಕ್ಕೆ ನಿಲ್ಲುವ ಮನಸ್ಸಿದೆ. ಅವರು "ಮನೆಯವರು ಏನು ಬಯಸುತ್ತಾರೆ, ಬರೆದು ಕೊಡಿ" ಎಂದು ಕೇಳಿಸಿದ್ದಾರೆ. ಬರೆಯುವ ಕೆಲಸ ನಾನು ಒಪ್ಪಿಕೊಂಡಿದ್ದೇನೆ.

ನನಗೆ ತಿಳಿಯಬೇಕಾಗಿರುವುದು ಇಷ್ಟು. ಆ ಅಧ್ಯಕ್ಷರ ಕೈಯಲ್ಲಿ ನಿಜವಾಗಿ ಏನಿದೆ? ಅವರು ಯಾರಾದರೆ ಕೊಳ್ಳೇಗಾಲದಲ್ಲಿರುವ ನನ್ನ ಮಗಳಿಗೆ ಏನು ವ್ಯತ್ಯಾಸ? ಅವರ ಮುಂದೆ ಏನು ಇಡಬೇಕು? "ಒಳ್ಳೇದಾಗಲಿ" ಅಂತ ಸುಮ್ನೆ ಬರೆದು ಕಳಿಸುವ ಮನಸ್ಸು ನನಗಿಲ್ಲ.

ನರವೈದ್ಯ, ಹುಬ್ಬಳ್ಳಿ

ಅಕ್ಕಾ, ಒಳ್ಳೆಯ ಪ್ರಶ್ನೆ. ನಾವು ಡಾಕ್ಟರುಗಳೇ ಇದನ್ನು ಸರಿಯಾಗಿ ಕೇಳಿಕೊಳ್ಳುವುದಿಲ್ಲ.

ಮೊದಲು ಓಟಿನ ವಿಷಯ. ಒಬ್ಬೊಬ್ಬ ಡಾಕ್ಟರೂ ಹೋಗಿ ಓಟು ಹಾಕುವ ಚುನಾವಣೆ ಅಲ್ಲ ಇದು. ಬಹಳಷ್ಟು ದೇಶಗಳಲ್ಲಿ ಲೀಗ್‌ನ ಒಂದೊಂದು ಶಾಖೆ ಇರುತ್ತದೆ, ಓಟು ಆ ಶಾಖೆಯದ್ದು. ನಮ್ಮ ದೇಶದಲ್ಲಿ ಆ ಶಾಖೆ ಇಂಡಿಯನ್ ಎಪಿಲೆಪ್ಸಿ ಸೊಸೈಟಿ. ಅವಧಿ ನಾಲ್ಕು ವರ್ಷ. ಹಾಗಾಗಿ ನಿಲ್ಲುವವರು ಮಂಗೋಲಿಯಾದಿಂದ ಪೆರುವರೆಗೆ ಎಲ್ಲ ಶಾಖೆಗಳ ಮನಸ್ಸು ಗೆಲ್ಲಬೇಕು. ಚಿಕ್ಕ ದೇಶಗಳ ಮಾತನ್ನೂ ಕೇಳಿಸಿಕೊಳ್ಳದೆ ವಿಧಿಯಿಲ್ಲ. ಇದು ನನಗೆ ಇಷ್ಟವಾದ ಸಂಗತಿ.

ಇನ್ನು ಅಧಿಕಾರ. ಹಣ ಹಂಚುವ ಅಧಿಕಾರ ಅಷ್ಟೇನಿಲ್ಲ. ಯಾವ ಸರ್ಕಾರಕ್ಕೂ ಅಪ್ಪಣೆ ಕೊಡುವ ಹಾಗಿಲ್ಲ. ಆದರೆ ಎರಡು ದೊಡ್ಡ ಕೆಲಸ ಅವರ ಕಾಲದಲ್ಲಿ ಆಗಬಹುದು. ಒಂದು, ಕಾಯಿಲೆಯನ್ನು ಹೇಗೆ ಗುರುತಿಸಬೇಕು, ಹೇಗೆ ವಿಂಗಡಿಸಬೇಕು ಎಂಬುದು. 2014ರಲ್ಲಿ ಲೀಗ್ ಮೂರ್ಛೆ ರೋಗದ ವ್ಯಾಖ್ಯೆ ಬದಲಿಸಿತು. ಅಲ್ಲಿಯವರೆಗೆ ಎರಡು ಫಿಟ್ಸ್ ಆಗುವ ತನಕ ಕಾಯಬೇಕಿತ್ತು. ಈಗ ಒಂದೇ ಫಿಟ್ಸ್ ಆಗಿದ್ದರೂ, ಮತ್ತೆ ಬರುವ ಸಾಧ್ಯತೆ ಬಹಳ ಜಾಸ್ತಿ ಇದ್ದರೆ ಮೂರ್ಛೆ ರೋಗ ಎಂದೇ ಹೇಳಿ ಚಿಕಿತ್ಸೆ ಶುರು ಮಾಡಬಹುದು. 2017ರಲ್ಲಿ ಫಿಟ್ಸ್‌ನ ಹೊಸ ವಿಂಗಡಣೆ ಬಂತು, 2025ರಲ್ಲಿ ಅದನ್ನು ಇನ್ನೂ ಸರಳ ಮಾಡಿ 21 ಬಗೆಗೆ ಇಳಿಸಿದರು. ಹುಬ್ಬಳ್ಳಿಯಲ್ಲಿ ಕೂತು ನಾನು ಕೇಸ್ ಶೀಟಿನಲ್ಲಿ ಬರೆಯುವುದು ಅದನ್ನೇ.

ಎರಡನೆಯದು ವಿಶ್ವ ಆರೋಗ್ಯ ಸಂಸ್ಥೆ. 1997ರಲ್ಲಿ ಲೀಗ್, ಐಬಿಇ (ರೋಗಿಗಳು ಮತ್ತು ಮನೆಯವರಿಗಾಗಿ ಇರುವ ಅಂತರರಾಷ್ಟ್ರೀಯ ಸಂಸ್ಥೆ) ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಮೂರ್ಛೆ ರೋಗದ ವಿರುದ್ಧ ಜಾಗತಿಕ ಆಂದೋಲನ ಶುರು ಮಾಡಿದವು. 2015ರಲ್ಲಿ ವಿಶ್ವ ಆರೋಗ್ಯ ಸಭೆ ಇದರ ಬಗ್ಗೆಯೇ ಒಂದು ನಿರ್ಣಯ ಮಾಡಿತು. 2022ರಲ್ಲಿ ಹತ್ತು ವರ್ಷದ ಯೋಜನೆಗೆ ಒಪ್ಪಿಗೆ ಸಿಕ್ಕಿತು, 2031ರವರೆಗೆ. ಅದರಲ್ಲಿ ಎರಡು ಗುರಿ ನಿಮಗೆ ಬೇಕಾದವು. 2021ರಲ್ಲಿ ಎಷ್ಟು ಜನಕ್ಕೆ ಮೂರ್ಛೆ ರೋಗದ ಚಿಕಿತ್ಸೆ ಸಿಗುತ್ತಿತ್ತೋ ಅದನ್ನು ಶೇಕಡಾ 50ರಷ್ಟು ಹೆಚ್ಚಿಸಬೇಕು. ರೋಗಿಗಳ ಹಕ್ಕು ಕಾಪಾಡುವ ಕಾನೂನು ಶೇಕಡಾ 80ರಷ್ಟು ದೇಶಗಳಲ್ಲಿ ಬರಬೇಕು. ಒಬ್ಬರ ಅವಧಿಯಲ್ಲಿ ಆಗುವ ಕೆಲಸವಲ್ಲ ಇದು, ಒಬ್ಬರಾದ ಮೇಲೆ ಒಬ್ಬರು ತಳ್ಳಿಕೊಂಡು ಬಂದಿದ್ದು.

ಬರುವ ಅಧ್ಯಕ್ಷರು 2031ರ ಗುರಿಯನ್ನು ಎಷ್ಟು ಗಂಭೀರವಾಗಿ ತಗೊಳ್ಳುತ್ತಾರೆ ಎನ್ನುವುದೇ ನನ್ನ ಮೊದಲ ಪ್ರಶ್ನೆ. ಪ್ರಪಂಚದಲ್ಲಿ ಸುಮಾರು 5 ಕೋಟಿ ಜನಕ್ಕೆ ಈ ಕಾಯಿಲೆ ಇದೆ. ಅವರಲ್ಲಿ ಹತ್ತಿರ ಹತ್ತಿರ ಶೇಕಡಾ 80 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಸರಿಯಾಗಿ ಚಿಕಿತ್ಸೆ ಸಿಕ್ಕರೆ ಶೇಕಡಾ 70ರವರೆಗೆ ಜನ ಫಿಟ್ಸ್ ಇಲ್ಲದೆ ಬದುಕಬಹುದು. 2001ರಿಂದ 2025ರವರೆಗಿನ ಅಧ್ಯಕ್ಷರನ್ನು ನೋಡಿ: ಅವಾಂಜಿನಿ, ವೋಲ್ಫ್, ಮೋಶೆ, ಪೆರೂಕ, ವೀಬೆ, ಹೆಲೆನ್ ಕ್ರಾಸ್. ಎಲ್ಲರೂ ಯುರೋಪ್ ಇಲ್ಲವೇ ಉತ್ತರ ಅಮೆರಿಕದಲ್ಲಿ ಕೆಲಸ ಮಾಡಿದವರು. ಒಬ್ಬೊಬ್ಬರೂ ದೊಡ್ಡ ವೈದ್ಯರು, ಅದರಲ್ಲಿ ಎರಡು ಮಾತಿಲ್ಲ. ಕಾಯಿಲೆ ಇರುವ ಕಡೆಯಿಂದ ಒಬ್ಬರು ಬಂದರೆ ನನಗಂತೂ ತುಂಬಾ ಸಂತೋಷ. ಆದರೆ ಬರೀ ಊರು ನೋಡಿ ಓಟು ಹಾಕುವುದೂ ಸರಿಯಲ್ಲ.

ನಿವೃತ್ತ ಮೇಷ್ಟ್ರು, ಯಳಂದೂರು

ತಾಯಿ, ನೀವು ನಮ್ಮ ಪಕ್ಕದ ತಾಲ್ಲೂಕಿನವರೇ. ನಾನು ಡಾಕ್ಟರಲ್ಲ, ಲೀಗ್ ವಿಷಯ ಗೊತ್ತಿಲ್ಲ. ಆದರೆ ಒಂದು ಹೇಳಬೇಕು.

ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಅವರ ಜೊತೆಗಾರರು ಯಳಂದೂರು ತಾಲ್ಲೂಕಿನ ಹಳ್ಳಿಗಳಲ್ಲಿ ಮನೆ ಮನೆ ಸರ್ವೆ ಮಾಡಿಸಿದ್ದರು. ಸುಮಾರು 65 ಸಾವಿರ ಜನ ಇದ್ದ ತಾಲ್ಲೂಕು. ಯಾರಿಗೆ ಫಿಟ್ಸ್ ಇದೆ ಎಂದು ಹುಡುಕಿ, ಇಲ್ಲೇ ಮಾತ್ರೆ ಕೊಟ್ಟು, ವರ್ಷಗಟ್ಟಲೆ ಬಿಡದೆ ನೋಡಿಕೊಂಡರು. ಕೊಟ್ಟಿದ್ದು ದುಬಾರಿ ಮಾತ್ರೆ ಅಲ್ಲ. ಫೀನೋಬಾರ್ಬಿಟೋನ್, ಫೆನಿಟಾಯಿನ್, ಎರಡೂ ಬಹಳ ಹಳೆಯವು, ಬಹಳ ಅಗ್ಗ. ಹಳ್ಳಿಯಲ್ಲೇ ಈ ಕಾಯಿಲೆಯನ್ನು ಹಿಡಿತಕ್ಕೆ ತರಬಹುದು ಎಂದು ತೋರಿಸಿದರು. 2001ರಲ್ಲಿ ಲಂಡನ್ನಿನ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ನಮ್ಮೂರ ಹೆಸರು ಅದರ ಶೀರ್ಷಿಕೆಯಲ್ಲೇ ಇದೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಫಿಟ್ಸ್ ಬರುತ್ತದೆ ಎಂದು ಅವನನ್ನು ಕಿಟಕಿ ಪಕ್ಕ ಒಬ್ಬನನ್ನೇ ಕೂರಿಸುತ್ತಿದ್ದರು, ನೀರಿನ ಲೋಟವೂ ಬೇರೆ. ಮಾತ್ರೆ ಶುರುವಾದ ಮೇಲೆ ಅವನು ಎಲ್ಲರ ಜೊತೆ ಕೂತ, ಕಬಡ್ಡಿ ಆಡಿದ. ಈಗ ಅವನದೇ ಒಂದು ಸೈಕಲ್ ಶಾಪ್ ಇದೆ.

ನಿಮ್ಮ ಪತ್ರದಲ್ಲಿ ಇದನ್ನು ಕೇಳಿ: "ಯಳಂದೂರಿನಂಥ ಊರಿನಲ್ಲಿ ನೀವು ಯಾವತ್ತಾದರೂ ಕೆಲಸ ಮಾಡಿದ್ದೀರಾ? ಅಲ್ಲಿ ಆದ ಕೆಲಸವನ್ನು ಎಷ್ಟು ಊರಿಗೆ ಒಯ್ಯುತ್ತೀರಿ?" ಪ್ರಬಂಧ ಬರೆದು ಮುಗಿದ ಮೇಲೂ ಮಾತ್ರೆ ಬರುತ್ತಲೇ ಇರಬೇಕಲ್ವಾ.

ಕಾಫಿತೋಟ, ಸೋಮವಾರಪೇಟೆ

ಬೇಜಾರು ಮಾಡಿಕೊಳ್ಳಬೇಡಿ, ಮನಸ್ಸಿನಲ್ಲಿ ಇರುವುದನ್ನು ಹೇಳಿಬಿಡುತ್ತೇನೆ. ನನ್ನ ತಮ್ಮನಿಗೆ ಈ ಕಾಯಿಲೆ ಇದೆ. ಹೊಸ ಹೊಸ ಮಾತ್ರೆ ಬರೆದುಕೊಟ್ಟು ತಿಂಗಳ ಖರ್ಚು ಎಲ್ಲಿಂದ ಎಲ್ಲಿಗೋ ಹೋಯಿತು. ಕಡೆಗೆ ಇನ್ನೊಬ್ಬ ಡಾಕ್ಟರು ಹಳೆಯ ಕಾರ್ಬಮಜೆಪಿನ್‌ಗೆ ಬದಲಿಸಿದರು, ಈಗ ಚೆನ್ನಾಗಿದ್ದಾನೆ. ದೊಡ್ಡ ದೊಡ್ಡ ಸಮ್ಮೇಳನಗಳನ್ನು ನೋಡಿ, ಎಲ್ಲೆಲ್ಲೂ ಔಷಧಿ ಕಂಪನಿಗಳ ಮಳಿಗೆ. ಅಂಥ ಸಂಸ್ಥೆಯ ಅಧ್ಯಕ್ಷರು ಅಗ್ಗದ ಮಾತ್ರೆ ಪರವಾಗಿ ಗಟ್ಟಿಯಾಗಿ ಮಾತಾಡುತ್ತಾರಾ? ನಿಲ್ಲುವವರಿಗೆ ಯಾವ ಕಂಪನಿಯಿಂದ ಎಷ್ಟು ಬಂದಿದೆ ಎಂದು ಮೊದಲೇ ಹೇಳಲಿ. ಅದು ನನ್ನ ಬೇಡಿಕೆ.

ನರವೈದ್ಯ, ಹುಬ್ಬಳ್ಳಿ

ಕಾಫಿತೋಟ ಅವರೇ, ಬೇಜಾರೇನೂ ಇಲ್ಲ. ಕೇಳಲೇಬೇಕಾದ ಮಾತು. ಲೀಗ್‌ನ ಪತ್ರಿಕೆ ಎಪಿಲೆಪ್ಸಿಯಾದಲ್ಲಿ ಪ್ರತಿ ಲೇಖನದ ಕೊನೆಗೆ ಲೇಖಕರಿಗೆ ಯಾವ ಕಂಪನಿಯ ಜೊತೆ ಸಂಬಂಧ ಇದೆ ಎಂದು ಅಚ್ಚಾಗಿರುತ್ತದೆ. ನಿಲ್ಲುವವರ ಹೆಸರು ಹಾಕಿ ಹುಡುಕಿದರೆ ಯಾರು ಬೇಕಾದರೂ ನೋಡಬಹುದು. ಸಂಬಂಧ ಇದ್ದ ಮಾತ್ರಕ್ಕೆ ಕೆಟ್ಟವರು ಎಂದಲ್ಲ, ಹೊಸ ಮಾತ್ರೆ ಕಂಡುಹಿಡಿಯಲು ಕಂಪನಿಗಳು ನಡೆಸುವ ಪರೀಕ್ಷೆಗಳು ಬೇಕು. ಆದರೆ ಬಚ್ಚಿಡಬಾರದು.

ಅಗ್ಗದ ಮಾತ್ರೆಗೆ ಇನ್ನೊಂದು ತೊಡಕಿದೆ, ಹೊರಗಿನವರಿಗೆ ಕಾಣುವುದಿಲ್ಲ. ಫೀನೋಬಾರ್ಬಿಟೋನ್ 1971ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನಿಯಂತ್ರಣದಲ್ಲಿರುವ ಔಷಧಿ. ಒಂದು ದೇಶದಿಂದ ಇನ್ನೊಂದಕ್ಕೆ ಕಳಿಸಲು ಕಾಗದಪತ್ರ ಜಾಸ್ತಿ, ಲಾಭ ಕಡಿಮೆ. ಹಾಗಾಗಿ ಎಷ್ಟೋ ಬಡ ದೇಶಗಳಲ್ಲಿ ಪಟ್ಟಿಯಲ್ಲಿ ಹೆಸರು ಇರುತ್ತದೆ, ಕಪಾಟಿನಲ್ಲಿ ಮಾತ್ರೆ ಇರುವುದಿಲ್ಲ. ಇಂಥ ಗಂಟು ಬಿಚ್ಚಲು ವಿಶ್ವ ಆರೋಗ್ಯ ಸಂಸ್ಥೆ ಇರುವ ಜಿನೀವಾದಲ್ಲಿ ಕೂತು ತಾಳ್ಮೆಯಿಂದ ಮಾತಾಡುವವರು ಬೇಕು. ಒಬ್ಬ ಡಾಕ್ಟರು ಒಂಟಿಯಾಗಿ ಮಾಡುವ ಕೆಲಸ ಅಲ್ಲ. ಯಾಕೆ ಆ ಸ್ಥಾನ ಬಯಸುತ್ತಾರೆ ಎಂದರೆ, ಒಳ್ಳೆಯವರು ಇದಕ್ಕೇ ಬಯಸುತ್ತಾರೆ.

ಎಪಿಲೆಪ್ಸಿ ನರ್ಸ್, ಲೀಡ್ಸ್

ನಾನು ಹಾಸನದವಳು, ಇಲ್ಲಿ ಇಂಗ್ಲೆಂಡಿನಲ್ಲಿ ಮೂರ್ಛೆ ರೋಗದ ವಿಭಾಗದಲ್ಲಿ ನರ್ಸ್. ಎರಡು ವಿಷಯ.

ಲೀಗ್ ಹುಟ್ಟಿದ್ದು 1909ರಲ್ಲಿ, ಬುಡಾಪೆಸ್ಟ್‌ನಲ್ಲಿ. ಮೊದಲ ಮಹಾಯುದ್ಧ ಬಂದು ಎಲ್ಲ ನಿಂತುಹೋಯಿತು. ಮತ್ತೆ ಜೀವ ಬಂದಿದ್ದು 1935ರಲ್ಲಿ, ಇಂಗ್ಲೆಂಡಿನ ಲಿಂಗ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ. ಆಗ ಅಲ್ಲಿ ಮೂರ್ಛೆ ರೋಗದ ಮಕ್ಕಳನ್ನು ಊರಾಚೆ ಇಟ್ಟು ನೋಡಿಕೊಳ್ಳುವ ಒಂದು ಕಾಲನಿ ಇತ್ತು. ಅಧ್ಯಕ್ಷರಾದವರು ಅಮೆರಿಕದ ವಿಲಿಯಂ ಲೆನಾಕ್ಸ್, 1949ರವರೆಗೂ ಅವರೇ. ಅದೇ ಜಾಗದಲ್ಲಿ ಈಗ ಯಂಗ್ ಎಪಿಲೆಪ್ಸಿ ಎಂಬ ಸಂಸ್ಥೆ ಇದೆ, ಮಕ್ಕಳು ಓದುತ್ತಾರೆ. 2021ರಲ್ಲಿ ಅಧ್ಯಕ್ಷರಾದ ಹೆಲೆನ್ ಕ್ರಾಸ್ ಅವರು ಲಂಡನ್ನಿನ ಮಕ್ಕಳ ಆಸ್ಪತ್ರೆಯ ಜೊತೆಗೆ ಅಲ್ಲಿಯೂ ಕೆಲಸ ಮಾಡಿದವರು. ಆ ಸ್ಥಾನಕ್ಕೆ ಬಂದ ಮೊದಲ ಹೆಂಗಸು. ನೂರು ವರ್ಷದ ಮೇಲೆ ಹಿಡಿಯಿತು ನೋಡಿ.

ಎರಡನೆಯದು ನಿಮ್ಮ ಮಗಳಿಗೆ ಸಂಬಂಧಿಸಿದ್ದು. ಫಿಟ್ಸ್‌ಗೆ ಕೊಡುವ ವಾಲ್ಪ್ರೋಯೇಟ್ ಎಂಬ ಮಾತ್ರೆ ಇದೆ. ಬಸಿರಿನಲ್ಲಿ ಅದನ್ನು ತಗೊಂಡರೆ ಹತ್ತರಲ್ಲಿ ಒಂದು ಮಗುವಿಗೆ ಹುಟ್ಟಿನಿಂದಲೇ ಊನ, ಹತ್ತರಲ್ಲಿ ಮೂರು ನಾಲ್ಕು ಮಕ್ಕಳಿಗೆ ಬೆಳವಣಿಗೆಯ ತೊಂದರೆ ಆಗುತ್ತದೆ. ಇಲ್ಲಿ 2024ರಿಂದ 55 ವರ್ಷದೊಳಗಿನ ಯಾರಿಗೇ ಅದನ್ನು ಹೊಸದಾಗಿ ಶುರು ಮಾಡಬೇಕಾದರೂ ಇಬ್ಬರು ತಜ್ಞರು ಒಪ್ಪಬೇಕು. ನಮ್ಮ ದೇಶದಲ್ಲೂ ಕೆಲಸ ಆಗಿಲ್ಲ ಎಂದಲ್ಲ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ 1998ರಿಂದಲೇ ಮೂರ್ಛೆ ರೋಗ ಇರುವ ಗರ್ಭಿಣಿಯರ ದಾಖಲೆ ಇಡುತ್ತಿದ್ದಾರೆ, ಪ್ರಪಂಚವೇ ಅದನ್ನು ನೋಡುತ್ತದೆ. ಆದರೆ ಹಳ್ಳಿ ಹುಡುಗಿಗೆ ಚೀಟಿ ಬರೆಯುವಾಗ ಈ ಮಾತು ಯಾರು ಹೇಳುತ್ತಾರೆ? ಹೆಣ್ಣುಮಕ್ಕಳಿಗೆ ಮದುವೆಗೆ ಮುಂಚೆಯೇ, ಅವರದೇ ಭಾಷೆಯಲ್ಲಿ ಇದನ್ನು ತಿಳಿಸುವ ಏರ್ಪಾಡು ಬೇಕು ಎಂದು ಬರೆಯಿರಿ. ನಿಮ್ಮ ಮಗಳು ಯಾವ ಮಾತ್ರೆಯಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಅದೇ ಆಗಿದ್ದರೂ ನೀವಾಗಿ ನಿಲ್ಲಿಸಬೇಡಿ, ದಯವಿಟ್ಟು. ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಮೇಲೆ ಫಿಟ್ಸ್ ಬಂದು ಜೀವಕ್ಕೇ ಕುತ್ತು. ಡಾಕ್ಟರ ಹತ್ತಿರ ಕೂತು ಮಾತಾಡಿ.

ಆಶಾ ಕಾರ್ಯಕರ್ತೆ, ಹನೂರು ಕಡೆ

ನನ್ನದು ಚಿಕ್ಕ ಮಾತು. ನನ್ನ ಪಟ್ಟಿಯಲ್ಲಿ ಒಬ್ಬಳು ಹೆಂಗಸು ಇದ್ದಳು. ಮಾತ್ರೆ ನುಂಗಿದರೆ ಫಿಟ್ಸ್ ಇಲ್ಲ. ಎರಡು ತಿಂಗಳು ಆಸ್ಪತ್ರೆಯಲ್ಲಿ ಮಾತ್ರೆ ಬರಲಿಲ್ಲ. ಹೊರಗೆ ಕೊಳ್ಳಲು ಕಾಸಿರಲಿಲ್ಲ, ಬಸ್ ಚಾರ್ಜ್ ಸೇರಿ ಎರಡು ದಿನದ ಕೂಲಿ. ಕೆರೆಯಲ್ಲಿ ಬಟ್ಟೆ ಒಗೆಯುವಾಗ ಫಿಟ್ಸ್ ಬಂದು ನೀರಿಗೆ ಬಿದ್ದಳು. ಮೊಣಕಾಲುದ್ದ ನೀರು. ಯಾರೂ ನೋಡಲಿಲ್ಲ. ಮೂರು ಮಕ್ಕಳು.

ದೊಡ್ಡವರು ಯಾರೇ ಆಗಲಿ, ಮಾತ್ರೆ ಒಂದು ದಿನವೂ ತಪ್ಪಬಾರದು ಎಂದು ಬರೆಯಿರಿ. ಮಾತ್ರೆ ಇದೆಯಾ ಎಂದು ಕೇಳಬೇಡಿ, ಕಳೆದ ವರ್ಷ ಎಷ್ಟು ದಿನ ಇರಲಿಲ್ಲ ಎಂದು ಕೇಳಿ.

ಮಗ್ಗದಮನೆ, ಕೊಳ್ಳೇಗಾಲ

ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಹನೂರಿನ ತಂಗಿ ಬರೆದಿದ್ದನ್ನು ಓದಿ ತುಂಬಾ ಹೊತ್ತು ಏನೂ ಬರೆಯಲು ಆಗಲಿಲ್ಲ. ನಮ್ಮ ಗುಂಪಿನಲ್ಲೂ ಅಂಥ ಒಬ್ಬ ಹುಡುಗನನ್ನು ಕಳಕೊಂಡವರು ಇದ್ದಾರೆ.

ಡಾಕ್ಟರೇ, ಎರಡು ಅನುಮಾನ. ಒಂದು, ಬಿಸಿನೀರಿನ ಫಿಟ್ಸ್ ನಮ್ಮ ಕಡೆ ಬೀದಿಗೊಬ್ಬರಿಗೆ ಎನ್ನುವಷ್ಟು ಗೊತ್ತು. ಹೊರದೇಶದ ಡಾಕ್ಟರುಗಳಿಗೆ ಇದು ಗೊತ್ತಿದೆಯಾ? ಇನ್ನೊಂದು, ಮದುವೆ ವಿಷಯ. ಅವಳಿಗೆ ಮುಂದೆ ಮದುವೆ ಆದರೆ, ಈ ಕಾಯಿಲೆ ಇದೆ ಎಂದು ಬಿಟ್ಟುಬಿಡಬಹುದು ಅಂತ ನಮ್ಮತ್ತೆ ಈಗಲೇ ಕೊರಗುತ್ತಾರೆ.

ನರವೈದ್ಯ, ಹುಬ್ಬಳ್ಳಿ

ಮದುವೆಯದು ಮೊದಲು ಹೇಳುತ್ತೇನೆ, ಅತ್ತೆಯವರಿಗೆ ಓದಿ ಹೇಳಿ. ಹಿಂದೂ ವಿವಾಹ ಕಾಯ್ದೆಯಲ್ಲಿ ಹುಚ್ಚಿನ ಜೊತೆಗೆ ಮೂರ್ಛೆ ರೋಗದ ಹೆಸರೂ ಇತ್ತು, ಅದರ ಮೇಲೆ ಮದುವೆಯನ್ನು ರದ್ದು ಮಾಡಿಸಬಹುದಿತ್ತು. 1999ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ವಿಶೇಷ ವಿವಾಹ ಕಾಯ್ದೆಯಿಂದಲೂ ತೆಗೆದರು. ಇದಕ್ಕಾಗಿ ವರ್ಷಾನುಗಟ್ಟಲೆ ಹೋರಾಡಿದ್ದು ಇಂಡಿಯನ್ ಎಪಿಲೆಪ್ಸಿ ಅಸೋಸಿಯೇಷನ್. ಮೇಷ್ಟ್ರು ಹೇಳಿದ ಮಣಿ ಅವರು ಅದರಲ್ಲಿ ಮುಂದೆ ನಿಂತವರು. ಕಾನೂನಿನ ಗುರಿ ಅಂತ ನಾನು ಮೇಲೆ ಬರೆದೆನಲ್ಲ, ಅಂಥ ಕೆಲಸ ಇದು. ಎಷ್ಟೋ ದೇಶಗಳಲ್ಲಿ ಇನ್ನೂ ಆಗಬೇಕಾಗಿದೆ.

ಈ ಅಸೋಸಿಯೇಷನ್ ಬೇರೆ, ಓಟು ಇರುವ ಸೊಸೈಟಿ ಬೇರೆ. ಅಸೋಸಿಯೇಷನ್ ಸೇರಿರುವುದು ಐಬಿಇಗೆ, ಅಂದರೆ 1961ರಲ್ಲಿ ರೋಗಿಗಳು ಮತ್ತು ಮನೆಯವರಿಗಾಗಿ ಶುರುವಾದ ಅಂತರರಾಷ್ಟ್ರೀಯ ಸಂಸ್ಥೆಗೆ. ನಿಮ್ಮ ಪತ್ರದ ಒಂದು ಪ್ರತಿ ಅಲ್ಲಿಗೂ ಹೋಗಲಿ. ಐಬಿಇ ಮತ್ತು ಲೀಗ್ ಜೊತೆಯಾಗಿಯೇ ಕೆಲಸ ಮಾಡುತ್ತವೆ, ಎರಡು ಬಾಗಿಲಿನಿಂದ ಬಂದ ಮಾತಿಗೆ ತೂಕ ಜಾಸ್ತಿ.

ಬಿಸಿನೀರಿನ ಫಿಟ್ಸ್ ಬಗ್ಗೆ: ಮೊದಲ ವರದಿ ಬಂದಿದ್ದು 1945ರಲ್ಲಿ, ನ್ಯೂಜಿಲೆಂಡ್‌ನಿಂದ. ಟರ್ಕಿ, ಜಪಾನ್‌ನಿಂದಲೂ ವರದಿ ಇವೆ. ಆದರೆ ಇಷ್ಟೊಂದು ಜನರಲ್ಲಿ ಕಂಡಿದ್ದು ನಮ್ಮ ಮೈಸೂರು ಸೀಮೆಯಲ್ಲೇ. ಮಣಿ ಅವರು, ಆಮೇಲೆ ನಿಮ್ಹಾನ್ಸ್‌ನ ಡಾ. ಸತೀಶ್ಚಂದ್ರ ಮತ್ತು ಸಂಗಡಿಗರು ಇದನ್ನು ಆಳವಾಗಿ ನೋಡಿದ್ದಾರೆ. ಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಮಾತ್ರೆ ಕೊಡುವುದು ಬಂದಿದ್ದು ಅಲ್ಲಿಂದಲೇ. ಪುಸ್ತಕದಲ್ಲಿ ಓದಿದ ಹೊರಗಿನ ಡಾಕ್ಟರುಗಳಿಗೆ ಹೆಸರು ಗೊತ್ತಿರುತ್ತದೆ, ಕಣ್ಣಾರೆ ಕಂಡವರು ಕಡಿಮೆ. ನೀವು ಮೇಲೆ ಬರೆದಿರಲ್ಲ, ಚೊಂಬು, "ಇನ್ನೂ ಹಾಕಮ್ಮ" ಅಂದಿದ್ದು, ಮಾತು ನಿಂತಿದ್ದು, ಅದನ್ನು ಹಾಗೆಯೇ ಪತ್ರದಲ್ಲಿ ಇಡಿ. ಇನ್ನೂ ಬೇಕು ಬೇಕು ಅನ್ನಿಸುವುದು ಕೂಡ ಈ ಕಾಯಿಲೆಯ ಒಂದು ಲಕ್ಷಣ. ಓದುವವರಿಗೆ ಅದು ಉಪಯೋಗಕ್ಕೆ ಬರುತ್ತದೆ.

ಮಗ್ಗದಮನೆ, ಕೊಳ್ಳೇಗಾಲ

ಅತ್ತೆಗೆ ಓದಿ ಹೇಳಿದೆ. 1999 ಅಂತ ಒಂದು ಚೀಟಿಯಲ್ಲಿ ಬರೆಸಿಕೊಂಡು ಎತ್ತಿಟ್ಟುಕೊಂಡಿದ್ದಾರೆ.

ಪತ್ರ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ಇವತ್ತೇ ತಿದ್ದಿ:

"ಮಾನ್ಯರೇ, ನಾವು ಮೂರ್ಛೆ ರೋಗ ಇರುವ ಮಕ್ಕಳ ತಂದೆ ತಾಯಿಗಳು. ನೀವು ಅಧ್ಯಕ್ಷರಾದರೆ ನಿಮ್ಮ ನಾಲ್ಕು ವರ್ಷದಲ್ಲಿ ಇವು ಆಗಬೇಕು. ಹಳ್ಳಿಯ ಆಸ್ಪತ್ರೆಗಳಲ್ಲಿ ಅಗ್ಗದ ಮಾತ್ರೆಗಳು ವರ್ಷದಲ್ಲಿ ಎಷ್ಟು ದಿನ ಇರಲಿಲ್ಲ ಎಂಬ ಲೆಕ್ಕವನ್ನು ಪ್ರತಿ ದೇಶದ ಶಾಖೆಯಿಂದ ಕೇಳಿ, ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿ. ಯಳಂದೂರಿನಲ್ಲಿ ಆದ ಹಾಗೆ ಊರಲ್ಲೇ ಹುಡುಕಿ ಊರಲ್ಲೇ ಚಿಕಿತ್ಸೆ ಕೊಡುವ ಕೆಲಸವನ್ನು ಮುಂದುವರಿಸಿ, ನಡುವೆ ಬಿಡಬೇಡಿ. ಮಾತ್ರೆಯಿಂದ ಹುಟ್ಟುವ ಮಗುವಿಗೆ ಏನಾಗಬಹುದು ಎಂದು ಹೆಣ್ಣುಮಕ್ಕಳಿಗೆ ಅವರ ಭಾಷೆಯಲ್ಲಿ ಮೊದಲೇ ತಿಳಿಸಿ. ಔಷಧಿ ಕಂಪನಿಗಳಿಂದ ನಿಮಗೆ ಬಂದಿರುವುದನ್ನು ನೀವೇ ಮೊದಲು ಹೇಳಿ. ಅಧ್ಯಕ್ಷರಾದ ಮೊದಲ ವರ್ಷದಲ್ಲಿ ಒಂದು ಸಲ ನಮ್ಮ ಕ್ಯಾಂಪ್‌ಗೆ ಬನ್ನಿ. ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಸಾಲಿನಲ್ಲಿ ಯಾರು ಯಾರು ಕೂತಿರುತ್ತಾರೆ, ಅವರ ಜೊತೆ ಮಾತಾಡಿ."

ಕೆಳಗೆ ನನ್ನ ಮಗಳೂ ಸಹಿ ಹಾಕುತ್ತೇನೆ ಅಂದಳು. ಹದಿನಾಲ್ಕು ವರ್ಷದವಳು ಸಹಿ ಹಾಕಬಹುದಾ?

ನರವೈದ್ಯ, ಹುಬ್ಬಳ್ಳಿ

ಹಾಕಲಿ. ಅವಳ ಸಹಿ ಮೊದಲು ಇರಲಿ. "ಲೆಕ್ಕ ಕೇಳಿ ಪ್ರಕಟಿಸಿ" ಎನ್ನುವ ಸಾಲನ್ನು ಮಾತ್ರ ಯಾರು ಹೇಳಿದರೂ ಮೆತ್ತಗೆ ಮಾಡಬೇಡಿ. ಇಂಗ್ಲಿಷ್‌ಗೆ ನಾನು ಮಾಡಿಕೊಡುತ್ತೇನೆ, ನಾಳೆ ರಾತ್ರಿಯೊಳಗೆ ಕಳಿಸುತ್ತೇನೆ.